ಮನೆಯಲ್ಲಿ ಮೇಷ್ಟರ ಮೌನ

ಕಾಲೇಜಿನಲ್ಲಿ ಎಲ್ಲರೊಡನೆ ನಗುನಗುತ್ತ ಮಾತನಾಡುವ ಉಪನ್ಯಾಸಕರು ಮನೆಗೆ ಬಂದೊಡನೆ ಮೌನಿಗಳಾಗುವುದನ್ನು ನಮ್ಮ ಅನೇಕ ಕುಟುಂಬಗಳು ಕಂಡಿವೆ. “ದಿನಕ್ಕೆ ಮೂರು ಗಂಟೆ ಪಾಠ ಹೇಳುವುದಕ್ಕೆ ಇಷ್ಟು ದಣಿವೇ?” ಎಂಬ ಮಾತು ಹಿರಿಯರ ಬಾಯಿಂದ ಸುಲಭವಾಗಿ ಬಂದುಬಿಡುತ್ತದೆ. ಪಾಠಕ್ಕಿಂತ ಹೆಚ್ಚಾಗಿ ದಣಿಸುವುದು ಪಾಠದ ಆಚೆಗಿನ ಕೆಲಸ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಮಗ್ಗ ನಿಂತುಹೋದ ಮನೆಯ ಹುಡುಗ, ಪದವಿ ಮುಗಿಯುವ ಮುನ್ನವೇ ಮದುವೆ ಗೊತ್ತಾದ ಹುಡುಗಿ, ಜಮೀನು ಮಾರಿದ ಹಣವೂ ಕರಗಿ ಕಂಗೆಟ್ಟ ತಂದೆಯ ಮಗ, ಎಲ್ಲರೂ ತಮ್ಮ ಅಳಲನ್ನು ತರುವುದು ಮೇಷ್ಟರ ಬಳಿಗೇ. ಕೇಳುವವರು ತಮ್ಮ ಕಳವಳವನ್ನು ನುಂಗಿ ಶಾಂತಮುಖವನ್ನು ತೋರಬೇಕು. ಗಂಟೆ ಬಾರಿಸಿದೊಡನೆ ಮುಂದಿನ ತರಗತಿಗೆ ಉತ್ಸಾಹದ ಮುಖವನ್ನು ಒಯ್ಯಬೇಕು. ಅಮೆರಿಕೆಯ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ, 1983ರಲ್ಲಿ ಇಂಥದ್ದನ್ನು ಭಾವನೆಯ ದುಡಿಮೆ ಎಂದು ಕರೆದರು. (ವಿಮಾನ ನಿಲ್ದಾಣವೇ ದೇವನಹಳ್ಳಿಯ ಮಗ್ಗುಲಿಗೆ ಬಂದಿರುವಾಗ ಆ ಉದಾಹರಣೆ ನಮಗೇನೂ ದೂರದ್ದಲ್ಲ.)

ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಠಿಣ. ಅವರು 2021ರ ಡಿಸೆಂಬರಿನಲ್ಲಿ ತರಗತಿಗಳನ್ನು ಬಹಿಷ್ಕರಿಸಿ ಹೋರಾಡಿದ ಮೇಲೆ, 2022ರ ಜನವರಿಯಲ್ಲಿ 11ರಿಂದ 13 ಸಾವಿರ ರೂಪಾಯಿಗಳಿದ್ದ ಮಾಸಿಕ ಗೌರವಧನವು 26ರಿಂದ 32 ಸಾವಿರಕ್ಕೆ ಏರಿತು. ಜೊತೆಗೆ ವಾರದ ಬೋಧನೆ 15 ಗಂಟೆಗಳಾಯಿತು. ಒಬ್ಬರಿಗೆ ಹೆಚ್ಚಿದ ತರಗತಿಗಳಿಂದಾಗಿ ಮತ್ತೊಬ್ಬರಿಗೆ ಕೆಲಸವೇ ಇಲ್ಲದಾಯಿತು. ಬರುವ ವರ್ಷ ತಾವು ಇರುವೆವೋ ಇಲ್ಲವೋ ಎಂದು ತಿಳಿಯದವರು ಮಕ್ಕಳಿಗೆ ಭವಿಷ್ಯದ ಧೈರ್ಯ ಹೇಳಬೇಕಾಗಿದೆ.

“ಕಾಯಕವೆಂದು ಮಾಡಿ” ಎಂದು ಇವರಿಗೆ ಉಪದೇಶಿಸುವವರಿಗೆ ಕೊರತೆಯಿಲ್ಲ. ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ್ದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ದಿನಕ್ಕೆ ಸಲ್ಲಬೇಕಾದ ಅಕ್ಕಿಯನ್ನು ಆಕೆ ಬೇಡವೆನ್ನಲಿಲ್ಲ ಎಂಬುದು ಮಾತ್ರ ಮರೆತುಹೋಗುತ್ತದೆ.

ದುಡಿಮೆಯ ಒತ್ತಡದಿಂದ ಬರುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಉದ್ಯೋಗಸಂಬಂಧಿ ಸ್ಥಿತಿಯೆಂದು ವಿವರಿಸಿತು. ತ್ರಾಣವೇ ಉಡುಗುವುದು, ಕೆಲಸದ ಬಗೆಗೆ ಜಿಗುಪ್ಸೆ, ತನ್ನಿಂದೇನೂ ಆಗದೆಂಬ ಭಾವ ಇದರ ಲಕ್ಷಣಗಳು. ಇದು ಸೋಮಾರಿತನವಲ್ಲ, ಮನೆಯವರ ಮೇಲಿನ ಮುನಿಸೂ ಅಲ್ಲ. ಬಂದೊಡನೆ ಅರ್ಧ ಗಂಟೆ ಯಾವ ಪ್ರಶ್ನೆಯನ್ನೂ ಕೇಳದಿರುವುದು ಮನೆಯವರಿಂದ ಸಾಧ್ಯ. ಉಪನ್ಯಾಸಕಿ ಮನೆಯ ಸೊಸೆಯಾಗಿದ್ದರೆ, ಆ ಹೊತ್ತಿನ ಒಲೆಯನ್ನು ಬೇರೊಬ್ಬರು ನೋಡಿಕೊಳ್ಳಲಿ. ಮಗನೇ ಆದರೂ ಅಡ್ಡಿಯಿಲ್ಲ. ನಿದ್ರೆ ಕೆಟ್ಟು, ತರಗತಿಗೆ ಹೋಗಲೂ ಅಂಜಿಕೆಯಾಗುವಂತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ, ರಾತ್ರಿಯ ವೇಳೆಯಲ್ಲಿಯೂ.