ಬಾಡಿಗೆ ಕೇಳಬೇಡಿ ಎಂದರೆ ಸಾಕೇ?



ಕೋವಿಡ್ ಲಾಕ್‌ಡೌನ್ ವೇಳೆ, 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶ ಈಗ ಬಹುತೇಕರಿಗೆ ಮರೆತೇ ಹೋಗಿದೆ. ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಕೂಡದು, ಕಾರ್ಮಿಕರನ್ನೋ ವಿದ್ಯಾರ್ಥಿಗಳನ್ನೋ ಬಲವಂತವಾಗಿ ಖಾಲಿ ಮಾಡಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆಯಡಿ ಕ್ರಮ ಎಂದು ಅದರಲ್ಲಿತ್ತು. ಆ ಬಾಡಿಗೆ ಮನ್ನಾನೋ, ಮುಂದೆ ತೀರಿಸಬೇಕಾದ ಬಾಕಿಯೋ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕರಾರು ಪತ್ರವೇ ಇಲ್ಲದೆ ಶೀಟ್ ಮನೆಯಲ್ಲಿರುವ ಗಾರೆ ಕೆಲಸದವನು ತಾನು ಬಾಡಿಗೆದಾರನೆಂದು ಯಾವ ಠಾಣೆಯಲ್ಲಿ ಸಾಬೀತು ಮಾಡಬೇಕು? ಅವನನ್ನು ಎಬ್ಬಿಸಲು ನೋಟಿಸೂ ಬೇಡ. ಫ್ಯೂಸ್ ಕಿತ್ತು, ನೀರಿನ ವಾಲ್ವ್ ತಿರುಗಿಸಿದರೆ ಆಯಿತು.

ಅದೇ ದಿನ ದೆಹಲಿಯ ಅಂದಿನ ಮುಖ್ಯಮಂತ್ರಿ ಬಡವರ ಬಾಡಿಗೆಯನ್ನು ಸರ್ಕಾರವೇ ಕೊಡುತ್ತದೆ ಎಂದಿದ್ದರು. ಆ ಮಾತಿಗೆ ಸರ್ಕಾರ ಬದ್ಧ ಎಂದು 2021ರ ಜುಲೈನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ತಡೆ ಕೊಟ್ಟಿತು.

ಕೋವಿಡ್ ವೇಳೆ ಬಾಡಿಗೆದಾರರನ್ನು ಹೊರಹಾಕದಂತೆ ಅಮೆರಿಕದಲ್ಲೂ ಆದೇಶವಿತ್ತು. ಅದೂ ಪರಿಪೂರ್ಣವೇನಲ್ಲ, 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಆದರೆ ಬಾಡಿಗೆ ಮನ್ನಾ ಇಲ್ಲ, ಹೊರಹಾಕುವುದಕ್ಕಷ್ಟೇ ತಡೆ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಬಾಡಿಗೆ ನೆರವಿಗೆಂದು ಸುಮಾರು 4,600 ಕೋಟಿ ಡಾಲರ್ ಬೇರೆಯಾಗಿ ಇಟ್ಟರು. ಬಾಡಿಗೆ ನಿಂತರೆ ಮಾಲೀಕರೂ ಬದುಕಬೇಕಲ್ಲ; ಎರಡು ಮನೆ ಬಾಡಿಗೆಯಲ್ಲೇ ಔಷಧಿ ಖರ್ಚು ತೂಗಿಸುವ ವೃದ್ಧರೂ ಮಾಲೀಕರೇ ತಾನೆ!

2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಿಪತ್ತಿನ ವೇಳೆ ಕರಾರಿನ ಅವಧಿ ಮುಗಿದರೆ, ವಿಪತ್ತು ಕಳೆದು ಒಂದು ತಿಂಗಳವರೆಗೆ ಇರಲು ಬಿಡಬೇಕೆಂದಿದೆ. ಅದೂ ಲಿಖಿತ ಕರಾರನ್ನೇ ನೆಚ್ಚಿದೆ. ಬಾಯಿಮಾತಿನ ಬಾಡಿಗೆದಾರರ ಸ್ಥಿತಿ ಏನೆಂದು ನಮ್ಮ ಶಾಸಕರು ಸದನದಲ್ಲಿ ಕೇಳಲಿ.

— ಓದುಗ, ಬೆಂಗಳೂರು