ಉಪ್ಪಿಗೆ ಹೊರದಾರಿ

ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಕೇಳದ ಮನೆ ನಮ್ಮ ವಿಜಯಪುರ ಸೀಮೆಯಲ್ಲಿ ವಿರಳ. ಜತ್ತಿನ ಕಡೆಯಿಂದ ಬಂದು ಕೃಷ್ಣೆಯನ್ನು ಕೂಡುವ ಈ ಹೊಳೆಯ ನೀರು ಸವಳು. ಆದರೂ ಅದರ ದಂಡೆಯ ಎರೆಯಲ್ಲಿ ಬೆಳೆದ ಜೋಳಕ್ಕೆ ಸಮನಾದುದಿಲ್ಲ. ನೆಲದೊಳಗಿನ ನೀರು ಆಳದಲ್ಲಿರುವವರೆಗೆ ಉಪ್ಪೂ ಆಳದಲ್ಲಿಯೇ ಉಳಿಯುವದು.

1982ರಲ್ಲಿ ನಾರಾಯಣಪುರದ ಆಣೆಕಟ್ಟು ಮುಗಿದ ತರುವಾಯ ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಕಡೆಗೂ, ಆಲಮಟ್ಟಿಯಿಂದ ಬಸವನ ಬಾಗೇವಾಡಿಯ ಕಡೆಗೂ ಕಾಲುವೆಗಳು ಹರಿದವು. ಬರಗಾಲದ ನಾಡಿಗೆ ಇದು ಭಾಗ್ಯವೇ ಸರಿ. ಆದರೆ ಎರೆಯ ಭೂಮಿಯು ನೀರನ್ನು ಬೇಗನೆ ಬಸಿಯಗೊಡದು. ಅಳತೆಯಿಲ್ಲದೆ ನೀರು ಹಾಯಿಸಿದಲ್ಲಿ ಒಳನೀರು ಮೇಲೇರುವದು. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಬೆಳ್ಳಗೆ ಮೇಲುಳಿಯುವದು. ಇದೇ ನಮ್ಮ ರೈತರ ಸವಳು-ಜವಳು.

ಕಡಲ ತೀರದವರು ಈ ಉಪ್ಪಿನೊಡನೆ ಹೇಗೆ ಬಾಳುವರೆಂಬುದನ್ನು ನೋಡಿರಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುವರು; ಕೊಯಿಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಬಿಟ್ಟುಕೊಂಡು ಮೀನು ಹಿಡಿಯುವರು. ಮತ್ತೆ ಮಳೆಯು ಉಪ್ಪನ್ನು ತೊಳೆದೊಯ್ಯುವದು. ಪರದೇಶಗಳಲ್ಲಿಯೂ ಒಡ್ಡು ಹಾಕಿ ಕೆಡಿಸಿದ ಉಪ್ಪಿನ ಜೌಗುಗಳನ್ನು, ಒಡ್ಡು ಒಡೆದು ಉಬ್ಬರ-ಇಳಿತಕ್ಕೆ ದಾರಿಕೊಟ್ಟು ಬದುಕಿಸುತ್ತಿರುವರು. ಅಲ್ಲಿ ಉಪ್ಪುನೀರು ಒಳಬರಬೇಕು, ಇಲ್ಲಿ ಹೊರಹೋಗಬೇಕು. ಆದರೆ ನಿಂತ ನೀರು ಎರಡೂ ಕಡೆಗೆ ವೈರಿ.

ನಮ್ಮಲ್ಲಿಯ ಉಪಾಯವೇನು? ಮೊದಲು ಬಸಿಗಾಲುವೆ ತೋಡಬೇಕು, ಇಲ್ಲವೆ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಕೊಳವೆಗಳನ್ನು ಹೂಳಬೇಕು. ಮಣ್ಣಿನ ಪರೀಕ್ಷೆ ಮಾಡಿಸಿ, ಸೋಡಾ ಹೆಚ್ಚಿದ್ದರೆ ಜಿಪ್ಸಂ ಬೆರೆಸಬೇಕು. ಅನಂತರವೇ ಸಿಹಿನೀರು ನಿಲ್ಲಿಸಿ ಉಪ್ಪನ್ನು ಕೆಳಗಿಳಿಸಬೇಕು. ಬಸಿದ ನೀರಿಗೆ ದಾರಿಯಿಲ್ಲದೆ ತೊಳೆಯಹೋದರೆ ರೋಗ ಹೆಚ್ಚುವದು.

ಆದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವಂಥದಲ್ಲ. ಮೇಲಿನ ಹೊಲದ ನೀರು ಕೆಳಗಿನ ಹೊಲವನ್ನು ದಾಟಿಯೇ ಹಳ್ಳಕ್ಕೆ ಹೋಗಬೇಕು. ನೆರೆಯವನು ಹಟದಿಂದ ಬದುವಿಗೆ ಮಣ್ಣು ಹಾಕಿದರೆ ಇಬ್ಬರ ಭೂಮಿಯೂ ಕೆಡುವದು. ಹಳ್ಳಗಳನ್ನು ಕೊಳ್ಳುವ ಡೋಣಿಯ ಪಾತ್ರದಲ್ಲಿಯೂ ಹೂಳು ತುಂಬಿ ಜಾಲಿ ಬೆಳೆದರೆ ನೀರು ಹಿಂದಿರುಗಿ ಹೊಲಕ್ಕೇ ನುಗ್ಗುವದು.

ಆದುದರಿಂದ ಗೃಹಸ್ಥರೇ, ಮಕ್ಕಳಿಗೆ ಹೊಲವನ್ನು ಪಾಲು ಹಂಚುವಾಗ ನೀರಿನ ದಾರಿಯನ್ನು ಮಾತ್ರ ಹಂಚದೆ ಎಲ್ಲರಿಗೂ ಸೇರಿದುದಾಗಿ ಉಳಿಸಿರಿ. ಗಾದೆಯನ್ನು ಕಟ್ಟಿದ ಹಿರಿಯರು ಡೋಣಿ ತುಂಬಿದರೆ ಎನ್ನಲಿಲ್ಲ, ಹರಿದರೆ ಎಂದರು.