ಏನೂ ಕಡಿಮೆಯಿಲ್ಲದ ಮನೆ

ಜೀ ಕನ್ನಡದಲ್ಲಿ 2024ರ ಜನವರಿಯಿಂದ ಪ್ರಸಾರವಾದ ‘ಲಕ್ಷ್ಮೀ ನಿವಾಸ’ ಧಾರಾವಾಹಿಯ ಜಾಹ್ನವಿಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ಮಧ್ಯಮ ವರ್ಗದ ಮನೆಯಿಂದ ಬಂದ ಆಕೆಗೆ ಸಿಕ್ಕ ಗಂಡ ಜಯಂತ್ ದೊಡ್ಡ ಸಿರಿವಂತ. ಬಂಗಲೆಯಿದೆ, ಕಾರಿದೆ, ಬಾಯಿ ತೆರೆದರೆ ‘ಚಿನ್ನುಮರಿ’ ಎಂಬ ಮುದ್ದಿದೆ. ಅದೇ ಗಂಡ ಮನೆಯೊಳಗೆ ಸಿಸಿಟಿವಿ ಕ್ಯಾಮೆರಾ ಇಟ್ಟು ಹೆಂಡತಿಯ ಓಡಾಟ ಕಾಯುತ್ತಾನೆ. ಆಕೆ ಯಾರ ಹತ್ತಿರ ನಕ್ಕು ಮಾತಾಡಿದರೂ ಅವನಿಗೆ ತಡೆಯುವುದಿಲ್ಲ. ತವರಿಗೆ ಇದನ್ನು ಹೇಳಲು ಆಕೆಗೆ ಬಾಯಿಯೇ ಬರುವುದಿಲ್ಲ. ಇಷ್ಟು ಭಯ ಹುಟ್ಟಿಸಬೇಕಾದ ‘ಚಿನ್ನುಮರಿ’ ಎಂಬ ಕರೆ ಮೊಬೈಲಿನ ರೀಲ್ಸ್‌ಗಳಲ್ಲಿ ನಗೆಯ ಮಾತಾಗಿ ಓಡಾಡಿತು. ನನಗೆ ಅದು ಸಂಕಟ ತಂದಿತು.

ಅದಕ್ಕೂ ಏಳು ವರ್ಷ ಹಿಂದೆ, 2017ರಲ್ಲಿ, ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಬಿಗ್ ಲಿಟಲ್ ಲೈಸ್’ ಎಂಬ ಇಂಥದೇ ಧಾರಾವಾಹಿ ಬಂದಿತ್ತು. ಆಸ್ಟ್ರೇಲಿಯಾದ ಲೇಖಕಿ ಲಿಯಾನ್ ಮೊರಿಯಾರ್ಟಿ 2014ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬ ಕಡಲೂರು, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುವ ಸಿರಿವಂತ ತಾಯಂದಿರು. ಅವರಲ್ಲಿ ನಿಕೋಲ್ ಕಿಡ್‌ಮನ್ ಅಭಿನಯಿಸಿದ ಸೆಲೆಸ್ಟ್ ವಕೀಲಿ ಬಿಟ್ಟು ಮನೆ ಹಿಡಿದವಳು. ಅವಳ ಸಂಸಾರ ಕಂಡು ಉಳಿದವರು ಕರುಬುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಗಂಡ ಹೊಡೆಯುತ್ತಾನೆ, ಆಮೇಲೆ ಉಡುಗೊರೆ ತರುತ್ತಾನೆ.

ಮಾಂಟೆರೆಯ ಆ ಮನೆ ನಮಗೆ ದೂರದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಚಹರೆಯೇ ಬದಲಾಯಿತು. ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಶೋರೂಮು, ಗೊಬ್ಬರದಂಗಡಿಗಳ ಜೊತೆ ಮೂರಂತಸ್ತಿನ ಮನೆಗಳೂ ಎದ್ದವು. ಲಿಂಗಸುಗೂರಿನಲ್ಲಿ ಗುತ್ತಿಗೆದಾರರು, ಡಾಕ್ಟರುಗಳು, ಹಟ್ಟಿ ಚಿನ್ನದ ಗಣಿಯ ಸಂಬಳದ ಕುಟುಂಬಗಳಿವೆ. ಮಸ್ಕಿ ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲಿಯೂ ಜಾಗದ ಬೆಲೆ ಏರಿ ಹೊಸ ಸಾವುಕಾರರು ಹುಟ್ಟಿದ್ದಾರೆ. ಇಂಥ ಮನೆಗೆ ಮಗಳನ್ನು ಕೊಟ್ಟವರು ಊರೆಲ್ಲ ಹೇಳುವ ಮಾತು ಒಂದೇ: “ನಮ್ಮ ಹುಡಿಗಿಗೆ ಏನೂ ಕಡಿಮಿ ಇಲ್ರಿ.”

ಮೇ ತಿಂಗಳ ಒಂದು ಗೃಹಪ್ರವೇಶ ನೆನೆಸಿಕೊಳ್ಳಿ. ಹೊರಗೆ ಕೆಂಡದಂಥ ಬಿಸಿಲು. ಮನೆಯ ಸೊಸೆ ಮಣಿಕಟ್ಟಿನ ತನಕ ತೋಳಿರುವ ಜಂಪರ್ ತೊಟ್ಟು ಬಂದವರಿಗೆಲ್ಲ ಉಡಿ ತುಂಬುತ್ತಿದ್ದಾಳೆ. ಕುಂಕುಮ ಹಚ್ಚಲು ಕೈ ಎತ್ತಿದಾಗ ತೋಳು ಹಿಂದೆ ಸರಿಯುತ್ತದೆ. ಹಸಿರು ಬಳೆಗಳಿಂದ ಮೇಲಕ್ಕೆ ನಾಲ್ಕು ಬೆರಳಿನ ಕಂದುಗುರುತು. ಆಕೆ ಸರ್ರನೆ ತೋಳು ಎಳೆದುಕೊಂಡು “ಬಾಗಿಲಾ ಬಡೀತ್ರಿ ಚಿಗವ್ವ” ಎನ್ನುತ್ತಾಳೆ. ಚಿಗವ್ವ ನೋಡಿರುತ್ತಾಳೆ, ನೋಡದವಳಂತೆ ಊಟದ ಪಂಕ್ತಿಗೆ ನಡೆಯುತ್ತಾಳೆ. ಇಂಥದೊಂದು ತೋಳನ್ನು ನಮ್ಮಲ್ಲಿ ಕಾಣದವರು ಕಡಿಮೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ 29.3. ಆ ಸಮೀಕ್ಷೆಯಲ್ಲಿ ಬೇರೆ ಯಾವ ರಾಜ್ಯವೂ ಈ ವಿಷಯದಲ್ಲಿ ನಮ್ಮನ್ನು ಮೀರಿಸಿರಲಿಲ್ಲ. ಸಿರಿತನ ಏರಿದಂತೆ ಹಿಂಸೆಯ ಪ್ರಮಾಣ ಇಳಿಯುತ್ತದೆ ನಿಜ, ಆದರೆ ಇಲ್ಲವಾಗುವುದಿಲ್ಲ. ಇದಕ್ಕಿಂತ ನನ್ನನ್ನು ಕಾಡುವ ಅಂಕಿ ಇನ್ನೊಂದಿದೆ. ದೇಶದಲ್ಲಿ ಹಿಂಸೆಗೊಳಗಾದ ಹೆಣ್ಣುಮಕ್ಕಳಲ್ಲಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ.

ಕೂಲಿ ಮಾಡುವ ಹೆಣ್ಣುಮಗಳ ಜಗಳ ಓಣಿಗೆ ಕೇಳುತ್ತದೆ, ನೆರೆಯವರು ಬಂದು ಬಿಡಿಸುತ್ತಾರೆ. ನಾಳೆ ಕೂಲಿಗೆ ಹೋದರೆ ಅವಳ ಕೈಯಲ್ಲಿ ಅವಳದೇ ದುಡ್ಡು ಇರುತ್ತದೆ. ದೊಡ್ಡಮನೆಯ ಸೊಸೆಗೆ ಇದೊಂದೂ ಇಲ್ಲ. ಕಾಂಪೌಂಡು ಎತ್ತರವಿದೆ. ಮನೆ ಮಾವನ ಹೆಸರಿನಲ್ಲಿದೆ. ತವರಿನವರು ಹಾಕಿದ ಬಂಗಾರ ಅತ್ತೆಯ ಲಾಕರಿನಲ್ಲಿದೆ. ಆಕೆ ಠಾಣೆಯ ಮೆಟ್ಟಿಲು ಹತ್ತಿದರೆ ನಾದಿನಿಯ ಸಂಬಂಧ ಮುರಿಯುತ್ತದೆ, ಗಂಡನಿಗೆ ಚುನಾವಣೆಯ ಟಿಕೆಟ್ ತಪ್ಪುತ್ತದೆ, ಊರಲ್ಲಿ ಪತ್ತು ಹೋಗುತ್ತದೆ. ಇಡೀ ಮನೆತನದ ಮರ್ಯಾದೆಯನ್ನು ಒಬ್ಬ ಹೆಂಗಸಿನ ಮೌನದ ಮೇಲೆ ಹೇರಿದ್ದೇವೆ. ತವರಿಗೆ ಬಂದರೆ “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಎಂದು ಸಮಾಧಾನ ಹೇಳಿ ನಾಲ್ಕು ದಿನಕ್ಕೆ ಬಸ್ಸು ಹತ್ತಿಸುತ್ತೇವೆ. ಆಕೆಯ ಶ್ರೀಮಂತಿಕೆಯೇ ಆಕೆಯ ಮಾತನ್ನು ಯಾರೂ ನಂಬದಂತೆ ಮಾಡಿರುತ್ತದೆ.

“ಮಕ್ಕಳ ಮುಖ ನೋಡಿ ತಡ್ಕೊಂಡೀನಿ” ಎನ್ನುವ ತಾಯಂದಿರಿಗೆ ಸೆಲೆಸ್ಟಳ ಕಥೆಯಲ್ಲಿ ಒಂದು ಪಾಠವಿದೆ. ತನ್ನ ಅವಳಿ ಗಂಡುಮಕ್ಕಳಿಗೆ ಏನೂ ಗೊತ್ತಿಲ್ಲವೆಂದು ಅವಳು ನಂಬಿರುತ್ತಾಳೆ. ಶಾಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ ಯಾರೋ ನೋವು ಕೊಡುತ್ತಿರುತ್ತಾರೆ, ಬೇರೆ ಮಗುವಿನ ಮೇಲೆ ಅಪವಾದ ಬರುತ್ತದೆ. ಕೊನೆಗೆ ತಿಳಿಯುವುದು, ಅದು ಸೆಲೆಸ್ಟಳ ಮಗನದೇ ಕೈ ಎಂದು. ಮಾಳಿಗೆಯ ಸದ್ದು ಮಕ್ಕಳ ಕಿವಿಗೆ ಬಿದ್ದಿತ್ತು. ಮಕ್ಕಳಿಗಾಗಿ ತಡೆದುಕೊಂಡದ್ದನ್ನು ಮಕ್ಕಳೇ ಕಲಿತಿದ್ದರು.

ಅದೇ ಕಥೆಯ ಆಪ್ತಸಮಾಲೋಚಕಿ ಸೆಲೆಸ್ಟಳಿಗೆ ಧೈರ್ಯದ ಭಾಷಣ ಮಾಡುವುದಿಲ್ಲ. ಬೇರೆ ಮನೆ ಬಾಡಿಗೆಗೆ ಹಿಡಿ, ಅಲ್ಲಿ ಅಡುಗೆಮನೆ ತುಂಬಿಸಿಡು, ಮಕ್ಕಳಿಗೆ ಹಾಸಿಗೆ ಸಿದ್ಧಮಾಡು, ಒಬ್ಬ ಗೆಳತಿಗಾದರೂ ಹೇಳು ಎನ್ನುತ್ತಾಳೆ. ನಾಳೆ ಮಕ್ಕಳು ಯಾರ ಪಾಲಿಗೆ ಎಂದು ಕೋರ್ಟು ಕೇಳಿದಾಗ ಆ ಗೆಳತಿ ಸಾಕ್ಷಿಯಾಗುತ್ತಾಳೆ. ನೂರು ಧೈರ್ಯದ ಮಾತಿಗಿಂತ ಈ ಒಂದು ಸಲಹೆ ದೊಡ್ಡದು.

ನಮ್ಮ ಕಾಯ್ದೆಯೂ ಬಡವಾಗಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಲೈಂಗಿಕ ಬಲವಂತ, ಖರ್ಚಿಗೆ ಕೊಡದಿರುವುದು, ಸ್ತ್ರೀಧನ ಕಿತ್ತುಕೊಳ್ಳುವುದು ಎಲ್ಲವೂ ಅದರಡಿ ಹಿಂಸೆಯೇ. ಬಂಗಾರ ಯಾರ ಲಾಕರಿನಲ್ಲಿದ್ದರೂ ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. “ಮನಿ ನನ್ನ ಹೆಸರಿಲೆ ಐತಿ, ಹೊರಗ ನಡಿ” ಎನ್ನುವ ಮಾವಂದಿರಿಗೂ 2020ರ ಅಕ್ಟೋಬರ್ 15ರ ಸತೀಶ್ ಚಂದರ್ ಅಹುಜಾ ತೀರ್ಪು ಉತ್ತರ ಕೊಟ್ಟಿದೆ. ಗಂಡನೊಂದಿಗೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು.

ಆದರೆ ಈ ಕಾಯ್ದೆಯ ಬಾಗಿಲು ಎಲ್ಲಿದೆ ಎನ್ನುವುದೇ ತೊಡಕು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಆ ಕಚೇರಿಯ ದಾರಿ ಅಂಗನವಾಡಿಗೆ ಹೋಗಿಬರುವ ಬಡ ತಾಯಿಗೆ ಗೊತ್ತು. ಮಕ್ಕಳನ್ನು ಕಾನ್ವೆಂಟಿನ ವ್ಯಾನಿಗೆ ಹತ್ತಿಸುವ ಸಾವುಕಾರರ ಮನೆಯ ಹೆಣ್ಣುಮಗಳಿಗೆ ಅಂಥ ಅಧಿಕಾರಿಯೊಬ್ಬರು ಇದ್ದಾರೆಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಸಂರಕ್ಷಣಾಧಿಕಾರಿಯ ಫೋನ್ ನಂಬರು ಹಾಗೂ 181 ಸಹಾಯವಾಣಿಯ ನಂಬರು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಖಾಸಗಿ ಶಾಲೆಗಳ ಗೇಟಿನಲ್ಲಿ, ಹೆರಿಗೆ ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ ಎದ್ದು ಕಾಣಬೇಕು. ಹೆಂಗಸರೇ ಕೂಡುವ ಅಕ್ಕನ ಬಳಗಗಳು ಶ್ರಾವಣದ ಒಂದು ಸಂಜೆಯನ್ನು ಈ ಮಾತಿಗೆಂದೇ ಮೀಸಲಿಡಲಿ, ಒಬ್ಬ ಮಹಿಳಾ ವಕೀಲರನ್ನು ಕರೆಸಲಿ. ಹೆಂಗಸರಷ್ಟೇ ಕೂತಲ್ಲಿ ಬಾಯಿ ಬಿಡುವುದು ಸುಲಭ.

ಕಚೇರಿಗಿಂತ ಮೊದಲ ಬಾಗಿಲು ತವರಿನದು. ಮಗಳು ಪಂಚಮಿಗೆ ಬಂದಾಗ ಅವಳ ಕೊರಳಿನ ಸರ ನೋಡಿ ಹಿಗ್ಗಬೇಡಿ. ಒಬ್ಬಳೇ ಇರುವಾಗ ಪಕ್ಕದಲ್ಲಿ ಕೂತು “ಹೆಂಗ ನಡಸ್ಕೋತಾರವ್ವಾ ನಿನ್ನ?” ಎಂದು ಕೇಳಿ. ಹೇಳಿದರೆ ನಂಬಿ. “ಹೊಂದ್ಕೊಂಡು ಹೋಗು” ಎನ್ನಬೇಡಿ. ಗಾಯವಿದ್ದರೆ ಡಾಕ್ಟರಿಗೆ ತೋರಿಸಿ ಚೀಟಿ ಇಟ್ಟುಕೊಳ್ಳಿ, ಆಕೆ ಹೇಳಿದ್ದನ್ನು ತಾರೀಖಿನ ಸಮೇತ ಬರೆದಿಡಿ. ಅವಳ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ತೆರೆಸಿ. ವಾಪಸು ಹೋಗುವುದೋ ಬಿಡುವುದೋ ಅವಳೇ ನಿರ್ಧರಿಸಲಿ. ಬಿಟ್ಟು ಬಂದರೆ ತವರಿನಲ್ಲಿ ಅವಳಿಗೂ ಅವಳ ಮಕ್ಕಳಿಗೂ ಜಾಗವಿದೆ ಎಂಬ ಮಾತನ್ನು ಅಪ್ಪ ತನ್ನ ಬಾಯಿಯಿಂದಲೇ, ಅಳಿಯನಿಗೂ ಬೀಗರಿಗೂ ಕೇಳುವಂತೆ ಹೇಳಬೇಕು.